ಆಕ್ಟನ್ನಿನ ಸೂಜಿ, ಅತ್ತೆಯ ಕಷಾಯ

ನನಗೆ ಹೆದರಿಕೆಯಾದರೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಹುಟ್ಟಿದ್ದೇ ಹಾಗೆ, ಏನು ಮಾಡುವುದು. ಈ ವರ್ಷ ಫೆಬ್ರವರಿ ಪೂರ್ತಿ ಮನೆಯಲ್ಲಿ ಕಂಡಕಂಡವರ ಮೇಲೆಲ್ಲ ಹರಿಹಾಯುತ್ತಿದ್ದೆ ಎಂದರೆ ಎಷ್ಟು ಹೆದರಿದ್ದೆ ಅಂತ ನೀವೇ ಯೋಚಿಸಿ. ಕೌನ್ಸಿಲ್‌ನವರು ಕಸದ ಡಬ್ಬಿ ಒಯ್ಯಲಿಲ್ಲ ಅಂತ ಫೋನ್ ಮಾಡಿ ಜಗಳ. ಮಗಳು ಸಾನ್ವಿ ಸ್ನಾನದ ಮನೆಯ ದೀಪ ಆರಿಸಲಿಲ್ಲ ಅಂತ ಜಗಳ. "ಮಮ್ಮಾ, ಯು ಆರ್ ಶೌಟಿಂಗ್ ಅಗೇನ್" ಅಂತ ಅವಳು ಬಾಗಿಲು ಹಾಕಿಕೊಂಡರೆ, ಆ ಬಾಗಿಲಿನ ಜೊತೆ ಜಗಳ.

ಕಾರಣ ಇಷ್ಟೇ. ನನ್ನ ಗಂಡ ಶಿವಪ್ರಕಾಶ ಸೋಫಾದಿಂದ ಏಳುವ ರೀತಿ ಬದಲಾಗಿತ್ತು. ಇಲ್ಲಿ ಇಂಗ್ಲಿಷರ ರಾಜಧಾನಿಯಲ್ಲಿ, ಕ್ಯಾನರಿ ವಾರ್ಫಿನ ಬ್ಯಾಂಕಿನಲ್ಲಿ ಕೆಲಸ ಮಾಡುವ, ಐವತ್ತು ದಾಟಿದರೂ ಎಸ್ಕಲೇಟರಿನಲ್ಲಿ ನಿಲ್ಲದೆ ಹತ್ತಿಕೊಂಡು ಹೋಗುತ್ತಿದ್ದ ಮನುಷ್ಯ. ಈಗ ಎರಡೂ ಕೈಗಳನ್ನು ಮೊಣಕಾಲ ಮೇಲೆ ಊರಿ, ಮುಂದಕ್ಕೆ ವಾಲಿ, ಒಂದು ಸಲ ಸೋತು ಕೂತು, ಮತ್ತೊಮ್ಮೆ ದಮ್ಮು ಕಟ್ಟಿ ಏಳುತ್ತಿದ್ದರು. ನಾನು ಕೈ ಚಾಚಿದರೆ ಪಕ್ಕಕ್ಕೆ ತಳ್ಳುತ್ತಿದ್ದರು. ಮೆಟ್ಟಿಲು ಹತ್ತುವಾಗ ಕಟಾಂಜನವನ್ನು ಹಗ್ಗ ಎಳೆದ ಹಾಗೆ ಎಳೆಯುತ್ತಿದ್ದರು. ಒಂದು ದಿನ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲಾಗದೆ, "ನಾಳೆ ತಿಂದ್ರಾತು ಬಿಡು" ಅಂದರು.

ನಮ್ಮ ಮಾವ ಕಲ್ಲಯ್ಯನವರಿಗೂ ಹೀಗೇ ಶುರುವಾಗಿತ್ತು. ಧಾರವಾಡದ ಮನೆಯಲ್ಲಿ ಊಟಕ್ಕೆ ಕೂತವರಿಗೆ ಒಂದು ದಿನ ಮಣೆಯಿಂದ ಏಳಲಾಗಲಿಲ್ಲ. ನರಗಳು ಸೊರಗಿ ಮೈಯ ಒಂದೊಂದೇ ಭಾಗ ಕೈಬಿಡುವ ಕಾಯಿಲೆ. ಇಲ್ಲಿ ಅದಕ್ಕೆ ಮೋಟಾರ್ ನ್ಯೂರಾನ್ ಎನ್ನುತ್ತಾರೆ. ಕಾಲಿನಿಂದ ಕೈಗೆ, ಕೈಯಿಂದ ಗಂಟಲಿಗೆ ಬಂತು. ಮದ್ದಿಲ್ಲ. ಕೊನೆಗೆ ನೀರು ನುಂಗಲೂ ಆಗದೆ ಹೋದರು. ನಾನು ಆಗ ಹೊಸ ಸೊಸೆ, ಎಲ್ಲವನ್ನೂ ಕಣ್ಣಾರೆ ಕಂಡಿದ್ದೇನೆ. ಅವರು ಹೋದ ಮೇಲೆ ಅತ್ತೆ ಚಂದ್ರವ್ವನವರನ್ನು ಇಲ್ಲಿಗೇ ಕರೆತಂದೆವು. ಅಂದಿನಿಂದ ಅಕ್ಸ್‌ಬ್ರಿಡ್ಜಿನ ಈ ಮನೆಯ ಅಡುಗೆಮನೆ ಅವರದು, ಉಳಿದ ಜಾಗ ನಮ್ಮದು.

ಮನೆಯಲ್ಲಿ ಯಾರೂ ಆ ಕಾಯಿಲೆಯ ಹೆಸರೆತ್ತಲಿಲ್ಲ. ಎಲ್ಲರ ತಲೆಯಲ್ಲೂ ಅದೇ ಇತ್ತು.

"ರೀ, ನಮ್ಮ ಜಿಪಿ ಡಾಕ್ಟರ ಹತ್ರ ಹೋಗೋಣ. ಒಂದು ಬ್ಲಡ್ ಟೆಸ್ಟ್ ಮಾಡಿಸಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಏನಾಗಿಲ್ಲ ಕಲ್ಯಾಣಿ. ಚಳಿಗಾಲ ನೋಡು, ಕಾಲ ಹಿಡಕೊಂಡಾವ."

"ಬೇಸಿಗೆಲೂ ಹಿಡ್ಕೊಂಡಿದ್ರೆ ಆಗೇನು ಹೇಳ್ತೀರಿ?"

ಆಗ ಅವರು ಒಂದು ಸಲ, ಒಂದೇ ಸಲ, ನಿಜ ಹೇಳಿದರು. "ಹೆಸರು ಗೊತ್ತಾದ್ರ ಏನ್ ಮಾಡೂದೈತಿ? ಅಪ್ಪಗ ಗೊತ್ತಾತು. ಏನಾತು? ಗೊತ್ತಾದ ಮರುದಿನದಿಂದ ಹಾಸಿಗಿ ಹಿಡಿದ. ಗೊತ್ತಿಲ್ಲದಷ್ಟು ದಿವಸ ನನ್ನ ಪಾಡಿಗೆ ನನ್ನ ಬಿಡು."

ಬಿಡುವುದೆಂದರೇನು? ತಟ್ಟೆಯನ್ನು ಸಿಂಕಿಗೆ ಎಸೆದೆ. ಒಡೆಯಲಿಲ್ಲ, ಪ್ಲಾಸ್ಟಿಕ್ಕಿನದು.

ಜಿಪಿ ಬೇಡವಾದ ಈ ಮಹಾನುಭಾವರಿಗೆ ಸೂಜಿ ಮಾತ್ರ ಬೇಕಾಗಿತ್ತು. ಡಿಸೆಂಬರಿನಲ್ಲಿ, ಇದೆಲ್ಲ ಶುರುವಾಗುವ ಮೊದಲು, ಅವರಿಗೆ ಮೀನಖಂಡ ಸೆಟೆದುಕೊಂಡು ನಿದ್ದೆ ಕೆಡುತ್ತಿತ್ತು. ಆಫೀಸಿನವರೊಬ್ಬರು ಆಕ್ಟನ್ನಿನಲ್ಲಿ ಟೊಮೊಕೊ ಎಂಬ ಜಪಾನಿ ಹೆಂಗಸಿದ್ದಾರೆ, ಸೂಜಿಚಿಕಿತ್ಸೆ ಮಾಡುತ್ತಾರೆ, ಪುಡಿಯನ್ನೂ ಕೊಡುತ್ತಾರೆ ಎಂದರಂತೆ. ಕಾಂಪೊ ಅಂತ ಅವರ ಗಿಡಮೂಲಿಕೆ ವೈದ್ಯದ ಹೆಸರು. ಮಲಗುವ ಮುಂಚೆ ಒಂದು ಪೊಟ್ಟಣ. ಸೆಳೆತ ಒಂದು ವಾರದಲ್ಲಿ ಮಾಯ. ಅಲ್ಲಿಗೆ ನಮ್ಮವರು ಟೊಮೊಕೊ ಅವರ ಪರಮಭಕ್ತರಾದರು.

ಪ್ರತಿ ಶನಿವಾರ ಆಕ್ಟನ್ನಿಗೆ ಹೋಗಿ ಬಂದವರು ಕಾಲಿನ ಸುದ್ದಿ ಒಂದನ್ನು ಬಿಟ್ಟು ಜಪಾನಿನ ಚರಿತ್ರೆಯನ್ನೆಲ್ಲ ಹೇಳುತ್ತಿದ್ದರು. ಮುನ್ನೂರು ವರ್ಷಕ್ಕೂ ಹಿಂದೆ ಅಲ್ಲೊಬ್ಬ ಕುರುಡ ಶಿಷ್ಯನಿದ್ದನಂತೆ. ಸೂಜಿ ನೆಟ್ಟಗೆ ಹಾಕಲು ಬರುವುದಿಲ್ಲವೆಂದು ಗುರು ಓಡಿಸಿದನಂತೆ. ದಾರಿಯಲ್ಲಿ ಕಲ್ಲು ಎಡವಿ ಬಿದ್ದಾಗ, ಸುರುಳಿ ಸುತ್ತಿಕೊಂಡ ಎಲೆಯೊಳಗಿದ್ದ ಪೈನ್ ಮರದ ಸೂಜಿಯೆಲೆ ಕೈಗೆ ಚುಚ್ಚಿತಂತೆ. ಕೊಳವೆಯೊಳಗೆ ಸೂಜಿ ಇಟ್ಟು ತಟ್ಟಿದರೆ ಕುರುಡನಿಗೂ ಗುರಿ ತಪ್ಪುವುದಿಲ್ಲವೆಂದು ಆಗ ಹೊಳೆಯಿತಂತೆ. ಇದು ಅವರಲ್ಲಿ ಹೇಳುವ ಕತೆ. ಇವತ್ತಿಗೂ ಟೊಮೊಕೊ ಹಾಗೆ ಕೊಳವೆಯಲ್ಲೇ ಸೂಜಿ ಹಾಕುವುದು. ಆಮೇಲೆ ನೂರೈವತ್ತು ವರ್ಷದ ಹಿಂದೆ ಅಲ್ಲಿನ ಸರ್ಕಾರ ಪಾಶ್ಚಾತ್ಯ ವೈದ್ಯ ಓದಿದವರೇ ಡಾಕ್ಟರು ಅಂತ ಕಾನೂನು ಮಾಡಿ ಈ ಹಳೆಯ ವೈದ್ಯ ನೆಲಕಚ್ಚಿತ್ತಂತೆ. ಈಗ ಅಲ್ಲಿ ಆಸ್ಪತ್ರೆಯ ಡಾಕ್ಟರುಗಳೇ ಈ ಪುಡಿಗಳನ್ನೂ ಬರೆದುಕೊಡುತ್ತಾರಂತೆ.

"ಅಂತೆ ಅಂತೆ ಅಂತೆ! ಆಯಮ್ಮ ನಿಮ್ಮ ಕಾಲು ನೋಡಿ ಏನಂದ್ರು, ಅದನ್ನ ಹೇಳಿ" ಎಂದರೆ, "ಹೊಟ್ಟಿ ಮುಟ್ಟಿ ನೋಡ್ತಾರ ಅವ್ರು. ಜಪಾನಿನ್ಯಾಗ ಹೊಟ್ಟಿ ಮುಟ್ಟಿ ರೋಗ ಹೇಳೂ ಪದ್ಧತಿ ಐತಿ" ಅಂತ ಮತ್ತೆ ಚರಿತ್ರೆಗೇ ಹೋಗುತ್ತಿದ್ದರು. ಕಾಲಲ್ಲಿ ಶಕ್ತಿ ಇಲ್ಲ ಎಂಬುದನ್ನು ಆಕೆಯಿಂದಲೂ ಮುಚ್ಚಿಟ್ಟಿದ್ದರು ಎಂದು ನನಗೆ ಗೊತ್ತಾಗಿದ್ದು ಆಮೇಲೆ.

ಇನ್ನು ಅತ್ತೆ. ಅವರ ಮೇಲೆ ನನಗಿದ್ದ ಸಿಟ್ಟೇ ಬೇರೆ. ಮಗ ಎದ್ದೇಳಲು ಪರದಾಡುವಾಗೆಲ್ಲ ಆಕೆ ತಟ್ಟನೆ ಮುಖ ಕಿಟಕಿಯ ಕಡೆ ತಿರುಗಿಸಿ ಕೂರುತ್ತಿದ್ದರು. ಒಂದು ದಿನವೂ "ಹಿಡಕೋ ತಮ್ಮಾ" ಅಂತ ಕೈ ಕೊಡಲಿಲ್ಲ. ಹೆತ್ತ ತಾಯಿ! ಎಂಥ ಕಲ್ಲು ಮನಸ್ಸು ಅಂತ ಒಳಗೊಳಗೇ ಕುದಿಯುತ್ತಿದ್ದೆ. ಆಕೆ ಮಾಡುತ್ತಿದ್ದುದು ಒಂದೇ, ಕಷಾಯ. ಬೆಳಿಗ್ಗೆ ಎದ್ದ ಕೂಡಲೇ ದೊಡ್ಡ ಪಾತ್ರೆಯಲ್ಲಿ ಕುದಿಸಿ, ಮಗನ ಫ್ಲಾಸ್ಕಿಗೆ ತುಂಬಿ ಆಫೀಸಿಗೆ ಕಳಿಸುವುದು, ಸಂಜೆ ಬಂದ ಮೇಲೆ ಮತ್ತೆ ಎರಡು ಲೋಟ. ಮಗ ಸೊರಗಿದಷ್ಟೂ ಕಷಾಯ ಗಟ್ಟಿಯಾಗುತ್ತಿತ್ತು.

ಮಾರ್ಚ್ ಮೊದಲ ಶನಿವಾರ ನಾನೂ ಆಕ್ಟನ್ನಿಗೆ ಹೊರಟೆ. ಟೊಮೊಕೊ ಮುಂದೆ ನಿಂತು, "ಈ ಮನುಷ್ಯನಿಗೆ ಮೊದಲು ಡಾಕ್ಟರ ಹತ್ತಿರ ಹೋಗಲು ಹೇಳಿ, ಆಮೇಲೆ ನಿಮ್ಮ ಸೂಜಿ" ಅಂತ ಜಗಳ ಮಾಡುವುದೇ ನನ್ನ ಕಾರ್ಯಕ್ರಮ. ಟ್ಯೂಬ್ ರೈಲಿನಲ್ಲಿ ಹೋಗುವ ಧೈರ್ಯವಿರಲಿಲ್ಲ, ಕಾರು ತೆಗೆದೆ. ಅತ್ತೆ ಸ್ವೆಟರಿನ ಮೇಲೆ ಕೋಟು ಹಾಕಿಕೊಂಡು ಫ್ಲಾಸ್ಕ್ ಹಿಡಿದು ಮೊದಲೇ ಹಿಂದಿನ ಸೀಟಿನಲ್ಲಿ ಕೂತಿದ್ದರು.

"ನೀವ್ಯಾಕೆ ಅತ್ತೆ ಈ ಚಳೀಲಿ?"

"ನನ್ನ ಮಗಗ ಅಕಿ ಏನ್ ತಿನಸಾಕತ್ತಾಳ ನೋಡಬೇಕು ನಾ. ಗಾಡಿ ನಡಸು ನೀ."

ಜಪಾನೀಯರ ಕಿರಾಣಿ ಅಂಗಡಿಯ ಹಿಂದೆ, ಒಂದು ಸಣ್ಣ ಬೆಚ್ಚನೆಯ ಕೋಣೆ. ಟೊಮೊಕೊ ನನ್ನ ವಯಸ್ಸಿನವರೇ, ಕುಳ್ಳಗೆ, ನರೆತ ಕೂದಲನ್ನು ಕತ್ತರಿಸಿಕೊಂಡವರು. ನಾನು ಬಾಯಿ ತೆರೆಯುವ ಮೊದಲೇ ಬಾಗಿ ನಮಸ್ಕರಿಸಿದರು. ಜಗಳಕ್ಕೆ ಬಂದವಳು ನಾನೂ ಪೆದ್ದಿಯ ಹಾಗೆ ಬಾಗಿದೆ. ಆದರೂ ಬಿಡಲಿಲ್ಲ, ಹೇಳಬೇಕಾದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ: ಸೋಫಾ, ಮೆಟ್ಟಿಲು, ಉಪ್ಪಿನಕಾಯಿ ಬಾಟಲಿ, ಕೊನೆಗೆ ಮಾವನವರ ಕಾಯಿಲೆ. ಅಷ್ಟು ದಿನ ಯಾರೂ ಎತ್ತದ ಹೆಸರನ್ನು ನಾನೇ ಎತ್ತಿದೆ. ಶಿವಪ್ರಕಾಶ ತಲೆ ತಗ್ಗಿಸಿ ಶೂ ದಾರ ನೋಡುತ್ತಿದ್ದರು.

ಟೊಮೊಕೊ ಸೂಜಿಯ ಡಬ್ಬಿ ಮುಟ್ಟಲೇ ಇಲ್ಲ. ಅವರನ್ನು ಮಂಚದ ಮೇಲೆ ಮಲಗಿಸಿ ಹೊಟ್ಟೆಯನ್ನು ಬೆರಳ ತುದಿಯಿಂದ ಅಲ್ಲಲ್ಲಿ ಒತ್ತಿದರು. ಪಾದದ ಗಂಟಿನ ಹತ್ತಿರ ಹೆಬ್ಬೆರಳೂರಿ ತೆಗೆದರು, ಗುಳಿ ಬಿದ್ದದ್ದು ಹಾಗೇ ನಿಂತಿತು. ಕೈಗೆ ಪಟ್ಟಿ ಕಟ್ಟಿ ಬಿಪಿ ನೋಡಿದರು. ಮೊದಲ ಸಲ ಬಂದಾಗ ಸರಿಯಿದ್ದ ಬಿಪಿ ಈಗ ನೂರೆಂಬತ್ತರ ಹತ್ತಿರ. ಆಕೆಯ ಮುಖ ಬಿಗಿಯಾಯಿತು.

"ನಾನು ಕೊಟ್ಟ ಪುಡಿಯಲ್ಲಿರುವ ಒಂದು ಬೇರು ಅತಿಯಾದರೆ ಹೀಗೆಲ್ಲ ಆಗಬಹುದು" ಎಂದರು ಇಂಗ್ಲಿಷಿನಲ್ಲಿ, ನಿಧಾನವಾಗಿ. "ರಕ್ತದಲ್ಲಿ ಪೊಟ್ಯಾಸಿಯಮ್ ಇಳಿಯುತ್ತದೆ, ಬಿಪಿ ಏರುತ್ತದೆ, ಸ್ನಾಯುಗಳಲ್ಲಿ ಬಲ ಹೋಗುತ್ತದೆ. ಆದರೆ ದಿನಕ್ಕೆ ಒಂದೇ ಪೊಟ್ಟಣಕ್ಕೆ ಇಷ್ಟೊಂದು ಆಗುವುದು ಅಪರೂಪ. ಬೇರೆ ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ?"

"ಇಲ್ಲ" ಎಂದರು ಶಿವಪ್ರಕಾಶ.

"ಮೊದಲ ದಿನವೂ ಕೇಳಿದ್ದೆ. ಮಾತ್ರೆ, ಟಾನಿಕ್, ಭಾರತದಿಂದ ತರಿಸಿದ ಪುಡಿ, ಏನೂ ಇಲ್ಲವೇ?"

"ಏನೇನೂ ಇಲ್ಲ" ಎಂದೆ ನಾನು, ಅವರಿಗಿಂತ ಗಟ್ಟಿಯಾಗಿ. "ಈ ಮನುಷ್ಯ ತಲೆನೋವಿಗೂ ಮಾತ್ರೆ ನುಂಗೋದಿಲ್ಲ."

ಸುಳ್ಳು ಹೇಳಿದೆವೆಂದು ತಿಳಿಯಬೇಡಿ. ಧರ್ಮವಾಗಿ ನಿಜವನ್ನೇ ಹೇಳಿದೆವು. ಒಂದೇ ಪೊಟ್ಟಣಕ್ಕೆ ಹೀಗಾಗುವುದಿಲ್ಲ ಎಂದರೆ ಮತ್ತೇನು ಎಂಬುದು ಮೂವರಿಗೂ ಗೊತ್ತಿತ್ತು.

ಇಂಗ್ಲಿಷ್ ಬಾರದ ಅತ್ತೆ ಈ ಯಾವ ಗೊಡವೆಯೂ ಇಲ್ಲದೆ ಟೊಮೊಕೊ ಅವರನ್ನೇ ನೋಡುತ್ತಿದ್ದರು. ಜಗಳವಾಡಲು ಬಂದವರಿಗೂ ಕುಡಿಯಲು ಏನಾದರೂ ಕೊಡದೆ ಬಿಡುವ ಹೆಂಗಸಲ್ಲ ಆಕೆ. ಫ್ಲಾಸ್ಕಿನ ಮುಚ್ಚಳಕ್ಕೆ ಬಿಸಿ ಬಿಸಿ ಕಷಾಯ ಬಗ್ಗಿಸಿ ಚಾಚಿದರು.

"ಪಾಪ, ಬಂದಾಗಿಂದ ನಿಂತ ಐದಾಳ. ಮಾರಿ ನೋಡು ಹೆಂಗ ಬಾಡೇತಿ. ತಗೋ ತಂಗಿ, ಕುಡಿ."

"ಅತ್ತೆ, ಈಗ್ಬೇಡ ಇದೆಲ್ಲ!" ಎಂದೆ ಹಲ್ಲು ಕಚ್ಚಿ. ನಾಚಿಕೆಯಿಂದ ನೆಲ ಸೇರುವ ಹಾಗಾಗಿತ್ತು.

ಟೊಮೊಕೊ ಎರಡೂ ಕೈಯಿಂದ ಮುಚ್ಚಳ ತೆಗೆದುಕೊಂಡರು. ಮೂಸಿದರು. ಒಂದು ಗುಟುಕು ಕುಡಿದು ಬಾಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದರು. ಮತ್ತೊಂದು ಗುಟುಕು. ಕಣ್ಣು ಬಿಟ್ಟವರು ಮುಚ್ಚಳ ಕೆಳಗಿಟ್ಟು, ಡ್ರಾಯರಿನಿಂದ ಅದೇ ಪುಡಿಯ ಪೊಟ್ಟಣವೊಂದನ್ನು ತೆಗೆದು ಹರಿದು, ಅತ್ತೆಯ ಅಂಗೈಗೆ ಸುರಿದರು. ನಾಲಿಗೆ ತೋರಿಸಿ ನೆಕ್ಕುವಂತೆ ಸನ್ನೆ ಮಾಡಿದರು.

ಅತ್ತೆ ನೆಕ್ಕಿದರು. ಚಪ್ಪರಿಸಿದರು. ಮತ್ತೆ ನೆಕ್ಕಿದರು.

"ಅಯ್ಯ ಶಿವನ! ಇದು ನಮ್ಮ ಜೇಷ್ಠಮಧ ಅಲ್ಲೇನ!"

ಆಗ ಒಂದೊಂದಾಗಿ ಹೊರಬಂತು, ನಾನು ಟೊಮೊಕೊ ಅವರಿಗೆ ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ. ಹೋದ ದಸರೆಯ ಹೊತ್ತಿಗೆ ಶಿವಪ್ರಕಾಶರಿಗೆ ಸಕ್ಕರೆ ಕಾಯಿಲೆ ಅಂಚಿನಲ್ಲಿದೆ, ಸಿಹಿ ಬಿಡಿ ಎಂದು ಜಿಪಿ ಹೇಳಿದ್ದರು. ಅತ್ತೆ ಅವತ್ತೇ ಕಷಾಯಕ್ಕೆ ಬೆಲ್ಲ ಹಾಕುವುದನ್ನು ನಿಲ್ಲಿಸಿದ್ದರು. ಬೆಲ್ಲವಿಲ್ಲದ ಕಷಾಯವನ್ನು ಮಗ ಮುಟ್ಟಲಿಲ್ಲ. ಅದಕ್ಕೆ ಸಿಹಿಯೂ ಆಯಿತು, ಸಕ್ಕರೆಯೂ ಇಲ್ಲ, ಗಂಟಲಿಗೂ ಒಳ್ಳೆಯದು ಅಂತ ಜೇಷ್ಠಮಧುವಿನ ಪುಡಿಯನ್ನು ಚಮಚಗಟ್ಟಲೆ ಸುರಿಯತೊಡಗಿದ್ದರು. ಬೆಳಿಗ್ಗೆ, ಆಫೀಸಿನಲ್ಲಿ, ಸಂಜೆ. ಅದರ ಮೇಲೆ ಮಲಗುವಾಗ ಜಪಾನಿನಿಂದಲೂ ಅದೇ ಬೇರು.

"ಮತ್ತೆ ಔಷಧಿ ಏನೂ ಇಲ್ಲ ಎಂದಿರಲ್ಲ?" ಟೊಮೊಕೊ ಕೇಳಿದರು.

"ಅದು ಔಷಧಿ ಅಲ್ಲ" ಎಂದರು ಶಿವಪ್ರಕಾಶ, ನಿಜವಾಗಿ ಆಶ್ಚರ್ಯಪಟ್ಟು. "ಕಷಾಯ."

ಯಾರನ್ನು ಬೈಯುವುದು? ನಾನೂ ಅದನ್ನೇ ಹೇಳಿದ್ದೆನಲ್ಲ! ಫ್ಲಾಸ್ಕ್ ನನ್ನ ಕಣ್ಣೆದುರೇ ಇತ್ತು. ನಮ್ಮಲ್ಲಿ ಯಾರಾದರೂ ಕಷಾಯವನ್ನು ಔಷಧಿ ಅಂತ ಲೆಕ್ಕಕ್ಕೆ ಹಿಡಿಯುತ್ತಾರೆಯೇ? ನೀರು, ಮಜ್ಜಿಗೆ, ಚಹಾ, ಕಷಾಯ ಎಲ್ಲ ಒಂದೇ ಸಾಲು.

ಟೊಮೊಕೊ ಅತ್ತೆಗೆ ಮತ್ತೆ ಬಾಗಿದರು, ಈ ಸಲ ಇನ್ನೂ ಕೆಳಕ್ಕೆ. "ತಪ್ಪು ನನ್ನದು. ಔಷಧಿ ಏನು ಅಂತ ಕೇಳಿದೆ. ದಿನವೂ ಏನು ಕುಡಿಯುತ್ತೀರಿ ಅಂತ ಕೇಳಬೇಕಿತ್ತು. ಶಕ್ತಿ ಹೋದದ್ದು ಈ ಬೇರಿನಿಂದಲೇ ಆಗಿದ್ದರೆ ಅದು ಒಳ್ಳೆಯ ಸುದ್ದಿ, ಬಿಟ್ಟರೆ ವಾಸಿಯಾಗುತ್ತದೆ. ಆದರೆ ಈಗಲೇ ಆಸ್ಪತ್ರೆಗೆ ಹೋಗಿ, ಇವತ್ತೇ. ಪೊಟ್ಯಾಸಿಯಮ್ ತೀರಾ ಇಳಿದರೆ ಹೃದಯಕ್ಕೆ ಅಪಾಯ." ಎರಡು ಸಾಲು ಚೀಟಿ ಬರೆದು, ಪೊಟ್ಟಣವನ್ನೂ ಅದರ ಜೊತೆ ಕೊಟ್ಟರು.

ಟೊಮೊಕೊ ಹೇಳಿದ್ದನ್ನೆಲ್ಲ ಕಾರಿನಲ್ಲಿ ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಕನ್ನಡಿಯಲ್ಲಿ ನೋಡಿದರೆ ಫ್ಲಾಸ್ಕನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದರು. "ನಾನ ಕುಡಿಸೀನಿ" ಎಂದರು ಒಂದು ಸಲ. ಮತ್ತೆ ಸ್ವಲ್ಪ ಹೊತ್ತಿಗೆ, ಬೇರೆಯೇ ದನಿಯಲ್ಲಿ, "ನಾ ಕುಡಿಸಿದ್ದಕ್ಕ ಆಗಿದ್ರ... ಅದಕ್ಕ ಆಗಿದ್ರ ಸಾಕಪ್ಪ ದೇವರ" ಎಂದರು. ನಾನೂ ಅದನ್ನೇ ಬೇಡಿಕೊಳ್ಳುತ್ತಿದ್ದೆ. ಸೊಸೆಯಾದವಳು ಅತ್ತೆಯ ತಪ್ಪೇ ಆಗಿರಲಿ ಅಂತ ಬೇಡಿಕೊಳ್ಳುವುದರಲ್ಲಿ ಹೊಸದೇನಿದೆ ಎನ್ನಬೇಡಿ, ಅವತ್ತು ಇಬ್ಬರೂ ಒಟ್ಟಿಗೆ ಬೇಡಿದೆವು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಚೀಟಿ ನೋಡಿದ ಕೂಡಲೇ ಒಳಗೆ ಕರೆದರು. ರಕ್ತ ತೆಗೆದರು, ಎದೆಗೆ ತಂತಿ ಅಂಟಿಸಿದರು. ಕುಡಿಮೀಸೆಯ ಯುವ ಡಾಕ್ಟರು ಬಂದು ಯಾವ ಔಷಧಿ ಎಂದು ಕೇಳಿದಾಗ, ಯಾರೂ ಅನುವಾದ ಮಾಡದೆಯೇ ಅತ್ತೆ ಫ್ಲಾಸ್ಕನ್ನು ಅವರ ಕೈಗೆ ತುರುಕಿದರು. ರಕ್ತದ ವರದಿ ಬಂತು. ಪೊಟ್ಯಾಸಿಯಮ್ ಪಾತಾಳದಲ್ಲಿತ್ತು. ಡ್ರಿಪ್ ಹಾಕಿದರು. ನಾನು ಮಾವನವರ ವಿಷಯ ಹೇಳಿದೆ. ಡಾಕ್ಟರು ನರಗಳ ತಜ್ಞೆಯನ್ನೇ ಕರೆಸಿದರು. ಆಕೆ ಕೈಕಾಲು ಎತ್ತಿಸಿ, ಇಳಿಸಿ, ನಾಲಿಗೆ ಹೊರಚಾಚಿಸಿ, ತೊಡೆಯ ಸ್ನಾಯುಗಳನ್ನು ಬಹಳ ಹೊತ್ತು ನೋಡುತ್ತ ನಿಂತರು.

"ನಿಮ್ಮ ತಂದೆಯವರ ಕಾಯಿಲೆಯ ಯಾವ ಗುರುತೂ ಇಲ್ಲಿ ನನಗೆ ಕಾಣುತ್ತಿಲ್ಲ" ಎಂದರು. "ಇಷ್ಟು ಕಡಿಮೆ ಪೊಟ್ಯಾಸಿಯಮ್ ಇದ್ದರೆ ಯಾರಿಗೂ ಸೋಫಾದಿಂದ ಏಳಲಾಗುವುದಿಲ್ಲ. ಅದು ಸರಿಹೋದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡುತ್ತೇನೆ. ನೀವು ಸರಿಹೋಗುತ್ತೀರಿ."

ಆಮೇಲೆ ನಾನೇನು ಮಾಡಿದೆ? ಬೈದೆ. ಎರಡು ತಿಂಗಳು ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಸುಮ್ಮನಿದ್ದದ್ದಕ್ಕೆ, ಜಿಪಿ ಬೇಡ ಎಂದದ್ದಕ್ಕೆ, ಕುರುಡ ಶಿಷ್ಯನ ಕತೆ ಹೇಳಿ ನನ್ನನ್ನು ಮರುಳು ಮಾಡಿದ್ದಕ್ಕೆ, ಎಲ್ಲದಕ್ಕೂ ಸೇರಿಸಿ ಬೈದೆ. ನರ್ಸ್ ಬಂದು ಪರದೆ ಎಳೆದರು. ಶಿವಪ್ರಕಾಶ ನಗುತ್ತಿದ್ದರು, ಕಣ್ಣಲ್ಲಿ ನೀರು. "ಬೈ, ಇನ್ನೂ ಬೈ" ಎಂದರು. ಬೈಯುತ್ತ ಬೈಯುತ್ತ ಅವರ ಹಾಸಿಗೆಯ ಅಂಚಿನಲ್ಲಿ ಮುಖ ಹುದುಗಿಸಿ, ಅತ್ತೆ ನೋಡುತ್ತಿದ್ದಾರೆಂಬ ಪರಿವೆಯಿಲ್ಲದೆ ಅತ್ತುಬಿಟ್ಟೆ. ಎಂಥ ಹಗುರ ಅಂತೀರಿ!

ಕೆಲವು ದಿನಕ್ಕೆ ಮನೆಗೆ ಬಂದರು. ಬಲ ಒಂದೇ ಸಲ ಬರಲಿಲ್ಲ, ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಬಂತು. ಎರಡನೇ ಪರೀಕ್ಷೆಯಲ್ಲೂ ನರಗಳ ತಜ್ಞೆ ಅದೇ ಮಾತು ಹೇಳಿದರು. ಶಿವಪ್ರಕಾಶ ಆಕ್ಟನ್ನಿಗೆ ಹೋಗಿ ಟೊಮೊಕೊ ಅವರಿಗೆ ಸುದ್ದಿ ಹೇಳಿ ಬಂದರು, ಜೊತೆಗೆ ಒಂದಿಷ್ಟು ಚರಿತ್ರೆಯನ್ನೂ ತಂದರು. ಜಪಾನಿನ ನಾರಾ ಊರಿನ ಒಂದು ಹಳೆಯ ಭಂಡಾರದಲ್ಲಿ ಸಾವಿರದ ಇನ್ನೂರು ವರ್ಷಕ್ಕೂ ಹಳೆಯ ಜೇಷ್ಠಮಧುವಿನ ಬೇರು ಇವತ್ತಿಗೂ ಇದೆಯಂತೆ.

"ನಮ್ಮ ಮಸಾಲಿ ಡಬ್ಬ್ಯಾಗೂ ಹುಡಕಿದ್ರ ಅಷ್ಟ ಹಳೇದು ಸಿಗತೈತಿ" ಎಂದರು ಅತ್ತೆ. ಆಸ್ಪತ್ರೆಯಿಂದ ಬಂದ ಮೇಲೆ ಆಕೆ ಆಡಿದ ಮೊದಲ ತಮಾಷೆ ಅದು. ಅಲ್ಲಿಯವರೆಗೆ ಒಲೆಯ ಕಡೆ ತಲೆ ಹಾಕಿರಲಿಲ್ಲ. ಕಷಾಯದ ವಾಸನೆಯಿಲ್ಲದ ಅಡುಗೆಮನೆಯಲ್ಲಿ ನನಗೇ ಕಸಿವಿಸಿಯಾಗುತ್ತಿತ್ತು.

ಏಪ್ರಿಲಿನ ಒಂದು ಭಾನುವಾರ. ಅತ್ತೆ ಎಂದಿನಂತೆ ಅಡುಗೆಮನೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ರೊಟ್ಟಿ ಪಲ್ಯ ಬಡಿಸಿಕೊಂಡಿದ್ದರು. ಶಿವಪ್ರಕಾಶ ತಟ್ಟೆ ಹಿಡಿದು ಬಂದು ಆಕೆಯ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಚಳಿಗಾಲದಿಂದ ಈಚೆಗೆ ನೆಲಕ್ಕೆ ಕೂತದ್ದು ಅದೇ ಮೊದಲು. ಸಾನ್ವಿ ಫೋನು ಕೆಳಗಿಟ್ಟಳು. ಉಂಡರು. ಬೆರಳು ನೆಕ್ಕಿದರು. ಒಂದು ಕೈಯಲ್ಲಿ ಖಾಲಿ ತಟ್ಟೆ, ಇನ್ನೊಂದು ಎಂಜಲು ಕೈ. ಎರಡನ್ನೂ ಎಲ್ಲಿಗೂ ಊರದೆ ಎದ್ದು ನಿಂತರು.

"ಓ ಮೈ ಗಾಡ್, ಡ್ಯಾಡ್!" ಎಂದಳು ಸಾನ್ವಿ.

ನಾನು ಅತ್ತೆಯನ್ನು ನೋಡಿದೆ. ಈ ಸಲ ಅವರು ಕಿಟಕಿಯ ಕಡೆ ತಿರುಗಿರಲಿಲ್ಲ. ರೆಪ್ಪೆ ಮಿಟುಕಿಸದೆ ಮಗನನ್ನೇ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಆಗೆಲ್ಲ ಯಾಕೆ ಅತ್ತೆ ಮುಖ ತಿರುಗಿಸ್ಕೊಂಡು ಕೂತಿರ್ತಿದ್ರಿ? ಒಂದಿನ ಆದ್ರೂ ಕೈ ಕೊಡ್ಬಾರದಿತ್ತಾ?"

ಅತ್ತೆ ತಟ್ಟೆಯಲ್ಲಿದ್ದ ರೊಟ್ಟಿಯ ಚೂರನ್ನು ಸರಿಸಿದರು.

"ಅವರು ಮಣಿ ಮ್ಯಾಲಿಂದ ಏಳಲಾರದಾದಾಗ ನಾ ಕೈ ಕೊಟ್ಟೆ. ಅವತ್ತ ಕೊಟ್ಟ ಕೈ ಕಡೀತನಕ ಬಿಡಾಕ ಆಗಲಿಲ್ಲ ಯವ್ವಾ. ಇವಗೂ ಒಂದ ಸಲ ಕೈ ಕೊಟ್ಟೆ ಅಂದ್ರ ಅದು ಶುರು ಆದಂಗನ ಅಂತ ಜೀವ ಹೊಡಕೋತಿತ್ತು. ಅದಕ್ಕ ಆ ಕಡೆ ನೋಡತಿದ್ದೆ, ನನ್ನ ಕೈ ನಾನ ಗಟ್ಟಿ ಹಿಡಕೊಂಡು."

ಅಷ್ಟು ದಿನ ಆಕೆಯನ್ನು ಕಲ್ಲು ಎಂದುಕೊಂಡಿದ್ದವಳು ನಾನು. ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಶಿವಪ್ರಕಾಶ ತಟ್ಟೆಯನ್ನು ಸಿಂಕಿನಲ್ಲಿಟ್ಟು ಕೈ ತೊಳೆದು ಬಂದರು. ಅವ್ವನ ಮುಂದೆ ಬಾಗಿ ಒದ್ದೆ ಕೈ ಚಾಚಿದರು.

"ಏಳ ಅವ್ವಾ. ಕಷಾಯ ಮಾಡು. ಬೆಲ್ಲಾನೂ ಬ್ಯಾಡ, ಜೇಷ್ಠಮಧಾನೂ ಬ್ಯಾಡ, ಸಪ್ಪಗ ಕುಡೀತೀನಿ."

"ನನಗ್ಯಾಕೋ ಕೈ? ನನಗೇನಾಗೇತಿ?" ಎಂದು ಅತ್ತೆ ಗದರಿದರು. ಆದರೂ ಆ ಕೈಯನ್ನು ಹಿಡಿದುಕೊಂಡೇ ಎದ್ದರು. ಎದ್ದ ಮೇಲೂ ಬಿಡದೆ, ಒಲೆಯವರೆಗೆ ಹಾಗೇ ಹೋದರು.